ಜಾತಕಂ: ಭಾರ್ಹುತ್‌ನ ಕಲ್ಲು ಈ ಪದವನ್ನು ಎಲ್ಲಿ ಬರೆಯುತ್ತದೆ, ಎಲ್ಲಿ ಬಿಡುತ್ತದೆ

ಜಾತಕ ಅಂದರೆ ಏನು ಅಂತ ಕನ್ನಡದಲ್ಲಿ ಯಾರನ್ನು ಕೇಳಿದರೂ ಬರುವ ಮೊದಲ ಉತ್ತರ ಒಂದೇ. ಹುಟ್ಟಿದ ಹೊತ್ತಿನ ಗ್ರಹಗಳನ್ನು ಮನೆಮನೆಯಾಗಿ ಬರೆದಿಟ್ಟ ಕುಂಡಲಿ. ಹುಡುಗ-ಹುಡುಗಿಯದು ಕೂಡಿಬಂದರೆ ಮದುವೆ ಮಾತು ಮುಂದೆ ಹೋಗುತ್ತದೆ. ಬೌದ್ಧ ಶಿಲ್ಪ ನೋಡುವ ಹವ್ಯಾಸ ಇರುವವರು ಎರಡನೇ ಉತ್ತರವನ್ನೂ ಕೊಡುತ್ತಾರೆ: ಜಾತಕ ಅಂದರೆ ಬುದ್ಧನ ಜನ್ಮದ ಕಥೆ.

ಈ ಎರಡನೇ ಉತ್ತರ ತಪ್ಪಲ್ಲ, ಆದರೆ ಅಪಾಯದ್ದು. "ಬುದ್ಧನ ಜನ್ಮದ ಕಥೆ" ಅಂತ ಓದಿದವರಿಗೆ ತಕ್ಷಣ ನೆನಪಾಗುವುದು ಲುಂಬಿನಿ, ಮಾಯಾದೇವಿ, ಸಾಲವೃಕ್ಷ. ಹೀಗಾಗಿ ಮಾಯಾದೇವಿಯ ಕನಸಿನಲ್ಲಿ ಆನೆ ಇಳಿದು ಬರುವ ಶಿಲ್ಪದ ಫೋಟೋ ಹಾಕಿ ಕೆಳಗೆ "ಜಾತಕ ಕಥೆ" ಅಂತ ಬರೆಯುವುದು ಅಂತರ್ಜಾಲದಲ್ಲಿ ಮಾಮೂಲಿ ಆಗಿಬಿಟ್ಟಿದೆ. ಪದದ ಬೇರನ್ನು ನೋಡಿದರೆ ಅದು ಸರಿ ಅಂತಲೇ ಅನ್ನಿಸುತ್ತದೆ. ಜಾತ ಅಂದರೆ ಹುಟ್ಟಿದ್ದು, ಜಾತಕ ಅಂದರೆ ಹುಟ್ಟಿಗೆ ಸಂಬಂಧಪಟ್ಟದ್ದು.

ಆದರೆ ಪದದ ಅರ್ಥಕ್ಕೆ ಬೇರಷ್ಟೇ ಸಾಕ್ಷಿ ಅಲ್ಲ. ಪದವನ್ನು ಬಳಸಿದವರು ಅದನ್ನು ಎಲ್ಲಿ ಬರೆದರು, ಎಲ್ಲಿ ಬರೆಯದೆ ಬಿಟ್ಟರು ಅನ್ನುವುದೂ ಸಾಕ್ಷಿಯೇ. ಶಾಸನ ಓದುವ ನಮಗೆ ಎರಡನೆಯದೇ ಹೆಚ್ಚು ಗಟ್ಟಿ ಸಾಕ್ಷಿ. ಈ ಪದದ ಮಟ್ಟಿಗೆ ಅಂಥ ಸಾಕ್ಷಿ ಎರಡು ಸಾವಿರ ವರ್ಷಕ್ಕೂ ಹಳೆಯ ಒಂದು ಜಾಗದಲ್ಲಿ ರಾಶಿಯಾಗಿ ಸಿಕ್ಕಿದೆ. ಅದು ಭಾರ್ಹುತ್.

ಭಾರ್ಹುತ್ ಇರುವುದು ಇಂದಿನ ಮಧ್ಯಪ್ರದೇಶದ ಸತ್ನಾ ಜಿಲ್ಲೆಯಲ್ಲಿ. ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅಲ್ಲಿಗೆ ಹೋದದ್ದು 1873ರಲ್ಲಿ. ಸ್ತೂಪ ಬಹುಪಾಲು ಹಾಳಾಗಿತ್ತು, ಅದರ ಇಟ್ಟಿಗೆಗಳು ಸುತ್ತಲಿನ ಊರುಗಳ ಮನೆ ಸೇರಿದ್ದವು. ಉಳಿದದ್ದು ಸ್ತೂಪದ ಸುತ್ತಲಿನ ಕಲ್ಲಿನ ಬೇಲಿಯ ಒಂದು ಭಾಗ, ಮತ್ತು ಪೂರ್ವದ ತೋರಣ. ಅವುಗಳ ಬಹುಭಾಗ ಈಗ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ತೋರಣದ ಮೇಲಿನ ಬ್ರಾಹ್ಮಿ ಶಾಸನ ಶುಂಗರ ಆಳ್ವಿಕೆಯಲ್ಲಿ ಧನಭೂತಿ ಎಂಬವನು ಅದನ್ನು ಮಾಡಿಸಿದ ಅಂತ ಹೇಳುತ್ತದೆ. ಹಾಗಾಗಿ ಇವನ್ನೆಲ್ಲ ಸಾಮಾನ್ಯವಾಗಿ ಕ್ರಿಸ್ತಪೂರ್ವ 2ನೇ ಶತಮಾನದಿಂದ 1ನೇ ಶತಮಾನದ ನಡುವೆ ಇಡುತ್ತಾರೆ.

ಬೇಲಿಯ ಕಂಬಗಳ ವೃತ್ತಫಲಕಗಳಲ್ಲಿ, ಮೇಲಿನ ಉದ್ದ ತೊಲೆಗಳಲ್ಲಿ ಕಥೆಗಳನ್ನು ಕೆತ್ತಿದ್ದಾರೆ. ಕೆತ್ತಿ ಸುಮ್ಮನಾಗಲಿಲ್ಲ, ಹಲವು ಕಡೆ ಪಕ್ಕದಲ್ಲೇ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಇದೇನು ಅಂತ ಬರೆದೂ ಇದ್ದಾರೆ. ಭಾರ್ಹುತ್‌ನ ಬೆಲೆ ಇರುವುದು ಇಲ್ಲೇ. ಸಾಂಚಿಯ ತೋರಣಗಳಲ್ಲಿ ಕಥೆಗಳು ಇನ್ನೂ ದೊಡ್ಡದಾಗಿ, ಚೆಂದವಾಗಿ ಇವೆ. ಆದರೆ ಅಲ್ಲಿನ ಶಾಸನಗಳು ಹೆಚ್ಚುಕಡಿಮೆ ಎಲ್ಲ ದಾನ ಕೊಟ್ಟವರ ಹೆಸರುಗಳು. ಚಿತ್ರ ಯಾವ ಕಥೆಯದು ಅನ್ನುವುದನ್ನು ನೋಡುವವರೇ ಕಂಡುಕೊಳ್ಳಬೇಕು. ಭಾರ್ಹುತ್‌ನಲ್ಲಿ ಕಲ್ಲೇ ಹೇಳುತ್ತದೆ.

ಪದ ಇರುವ ಕಡೆ

"ಜಾತಕಂ" ಅಂತ ಮುಗಿಯುವ ಲೇಬಲ್‌ಗಳು ಅಲ್ಲಿ 15ಕ್ಕೂ ಹೆಚ್ಚು ಇವೆ. ಕೆಲವನ್ನು ನೋಡೋಣ.

"ಮಿಗ ಜಾತಕಂ". ಮಿಗ ಅಂದರೆ ಮೃಗ, ಜಿಂಕೆ. ಹಳಗನ್ನಡ ಓದಿದವರಿಗೆ ಈ ರೂಪ ಹೊಸದಲ್ಲ, ಖಗ-ಮಿಗ ಅನ್ನುವಾಗ ನಾವೂ ಇದನ್ನೇ ಹೇಳುತ್ತೇವೆ. ನೀರಿನಲ್ಲಿ ಮುಳುಗುತ್ತಿದ್ದವನನ್ನು ಜಿಂಕೆಯೊಂದು ಕಾಪಾಡುತ್ತದೆ, ಬದುಕಿ ಬಂದವನು ರಾಜನಿಗೆ ಅದರ ಸುಳಿವು ಕೊಡುತ್ತಾನೆ.

"ಹಂಸ ಜಾತಕಂ". ಹಂಸರಾಜನ ಮಗಳಿಗೆ ಗಂಡು ಹುಡುಕುವಾಗ ನವಿಲು ಸಂತೋಷ ತಡೆಯಲಾರದೆ ಲಜ್ಜೆಗೆಟ್ಟು ಕುಣಿದು ಹೆಣ್ಣನ್ನು ಕಳೆದುಕೊಂಡ ಕಥೆ.

"ನಾಗ ಜಾತಕ". ಇಲ್ಲಿ ನಾವು ಹಾವು ಹುಡುಕಿದರೆ ಸಿಗುವುದಿಲ್ಲ. ನಾಗ ಅಂದರೆ ಆನೆ ಅಂತಲೂ ಇದೆ. ಚಿತ್ರದಲ್ಲಿರುವುದು ಆನೆಯ ಕಾಲು ಹಿಡಿದ ದೊಡ್ಡ ಏಡಿ.

"ಉದ ಜಾತಕಂ". ಉದ ಅಂದರೆ ಸಂಸ್ಕೃತದ ಉದ್ರ, ನಮ್ಮ ನೀರುನಾಯಿ. ಎರಡು ನೀರುನಾಯಿಗಳು ಹಿಡಿದ ಮೀನಿಗಾಗಿ ಜಗಳ ಆಡುತ್ತವೆ. ನ್ಯಾಯ ಹೇಳಲು ಬಂದ ನರಿ ಒಂದಕ್ಕೆ ತಲೆ, ಇನ್ನೊಂದಕ್ಕೆ ಬಾಲ ಕೊಟ್ಟು ನಡುವಿನ ತುಂಡು ತಾನು ಹೊತ್ತುಕೊಂಡು ಹೋಗುತ್ತದೆ.

ಇನ್ನೊಂದು ಫಲಕಕ್ಕೆ ಎರಡು ಹೆಸರು: ಬಿಡಾಲ ಜಾತಕ, ಕುಕುಟ ಜಾತಕ. ಅಂದರೆ ಬೆಕ್ಕಿನ ಜಾತಕ, ಹುಂಜದ ಜಾತಕ. ಮರದ ಮೇಲೆ ಹುಂಜ, ಕೆಳಗೆ ನಯವಾಗಿ ಮಾತಾಡಿ ಅದನ್ನು ಇಳಿಸಲು ನೋಡುವ ಬೆಕ್ಕು. ಒಂದೇ ಕಥೆಯನ್ನು ಕೆಲವರು ಬೆಕ್ಕಿನ ಕಥೆ ಅನ್ನುತ್ತಿದ್ದರು, ಕೆಲವರು ಹುಂಜದ ಕಥೆ ಅನ್ನುತ್ತಿದ್ದರು, ಬರೆಸಿದವರು ಎರಡನ್ನೂ ಹಾಕಿಸಿದರು. ಬರೆಯುವಾಗ ಕಲ್ಲುಕುಟಿಗ ಮೊದಲನೆಯದನ್ನು "ಜಾತರ" ಅಂತ ಕೆತ್ತಿಬಿಟ್ಟಿದ್ದಾನೆ. ಬ್ರಾಹ್ಮಿ ಕಲಿತವರಿಗೆ ಕಾರಣ ನೋಡಿದ ಕೂಡಲೇ ಹೊಳೆಯುತ್ತದೆ. ಬ್ರಾಹ್ಮಿಯ "ಕ" ಕೂಡಿಸುವ ಗುರುತಿನ ಹಾಗೆ ಇರುತ್ತದೆ, "ರ" ಒಂದು ನೆಟ್ಟನೆಯ ಗೆರೆ. ಅಡ್ಡಗೆರೆ ಒಂದು ತಪ್ಪಿದರೆ ಕ ಹೋಗಿ ರ ಆಗುತ್ತದೆ.

ಈ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಬೌದ್ಧರ ನಂಬಿಕೆಯಲ್ಲಿ ಇವೆಲ್ಲ ಬೋಧಿಸತ್ವನ, ಅಂದರೆ ಮುಂದೆ ಬುದ್ಧನಾಗುವವನ ಹಿಂದಿನ ಹುಟ್ಟುಗಳ ಕಥೆಗಳು. ಆದರೆ ಹೆಸರಿನಲ್ಲಿ ಬರುವ ಪ್ರಾಣಿಯೇ ಬೋಧಿಸತ್ವ ಆಗಿರಬೇಕು ಅಂತೇನೂ ಇಲ್ಲ. ಹುಂಜ ಬೋಧಿಸತ್ವ, ಬೆಕ್ಕು ಅಲ್ಲ, ಆದರೂ "ಬಿಡಾಲ ಜಾತಕ" ಅನ್ನುತ್ತಾರೆ. ನೀರುನಾಯಿಗಳ ಕಥೆಯಲ್ಲಿ ಬೋಧಿಸತ್ವ ಇರುವುದು ಪಕ್ಕದ ಮರದ ದೇವತೆಯಾಗಿ, ಎಲ್ಲ ನೋಡಿ ಒಂದು ಮಾತು ಹೇಳುವವನಾಗಿ. ಹೆಸರು ಮಾತ್ರ ನೀರುನಾಯಿಯದು. ಹಾಗಾಗಿ "ಉದ ಜಾತಕಂ" ಅನ್ನುವುದನ್ನು "ನೀರುನಾಯಿಯ ಹುಟ್ಟು" ಅಂತ ಓದಲಾಗದು, "ನೀರುನಾಯಿಯಾಗಿ ಹುಟ್ಟಿದ್ದು" ಅಂತಲೂ ಓದಲಾಗದು. "ನೀರುನಾಯಿ ಬರುವ ಜಾತಕ" ಅಂತಲೇ ಓದಬೇಕು. ಅಂದರೆ ಜಾತಕ ಅನ್ನುವುದು ಅಷ್ಟು ಹೊತ್ತಿಗಾಗಲೇ ಒಂದು ಬಗೆಯ ಕಥೆಯ ಹೆಸರು. ನಾವು ಲಾವಣಿ, ಯಕ್ಷಗಾನದ ಪ್ರಸಂಗ ಅನ್ನುತ್ತೇವಲ್ಲ, ಹಾಗೆ.

ವ್ಯಾಕರಣವೂ ಇದನ್ನೇ ಹೇಳುತ್ತದೆ. ಕೆಲವು ಲೇಬಲ್‌ಗಳು ನೇರ ಸಮಾಸ: ಹಂಸ ಜಾತಕಂ. ಕೆಲವಕ್ಕೆ ಮೊದಲ ಪದಕ್ಕೆ "ಇಯ" ಪ್ರತ್ಯಯ ಸೇರುತ್ತದೆ: ಛದಂತಿಯ ಜಾತಕಂ, ಮಘಾದೇವಿಯ ಜಾತಕಂ. "ಛದ್ದಂತನಿಗೆ ಸಂಬಂಧಪಟ್ಟ" ಅಂತ ಅರ್ಥ. ಆ ಕಾಲದ ಬ್ರಾಹ್ಮಿಯಲ್ಲಿ ಪ್ರಾಕೃತದ ಒತ್ತಕ್ಷರವನ್ನು ಒಂಟಿಯಾಗಿಯೇ ಬರೆಯುತ್ತಿದ್ದರು, ಅದಕ್ಕೇ ಛದ್ದಂತ ಇಲ್ಲಿ ಛದಂತ, ಕುಕ್ಕುಟ ಇಲ್ಲಿ ಕುಕುಟ. "ವಿತುರ ಪುನಕಿಯ ಜಾತಕಂ" ಅನ್ನುವುದರಲ್ಲಿ ಇಬ್ಬರ ಹೆಸರಿದೆ, ಪಂಡಿತ ವಿಧುರ ಮತ್ತು ಅವನನ್ನು ಹೊತ್ತೊಯ್ದ ಯಕ್ಷ ಪುಣ್ಣಕ. ಮೂರನೆಯ ಬಗೆ ಇನ್ನೂ ಸ್ವಾರಸ್ಯದ್ದು. ಒಂದು ಫಲಕದಲ್ಲಿ ಕಥೆಯೊಳಗೆ ಬರುವ ಗಾಥೆಯ ಮೊದಲ ಕೆಲವು ಪದಗಳನ್ನೇ ಎತ್ತಿ ಅದರ ಮುಂದೆ "ಜಾತಕಂ" ಸೇರಿಸಿದ್ದಾರೆ. ದಾಸರ ಪದಗಳನ್ನು ನಾವು ಮೊದಲ ಸಾಲಿನಿಂದ ಗುರುತಿಸುವುದಿಲ್ಲವೇ? ಆ ಗಾಥೆಯನ್ನು ಬಾಯಿಪಾಠ ಮಾಡಿದ್ದವರು ಸುತ್ತಮುತ್ತ ಇದ್ದರೆ ಮಾತ್ರ ಇಂಥ ಹೆಸರು ಕೆಲಸ ಮಾಡುತ್ತದೆ.

ಹುಟ್ಟು ಇರುವ ಚಿತ್ರ, ಹುಟ್ಟಿನ ಅರ್ಥವಿಲ್ಲದ ಪದ

ನಮ್ಮ ನಾಡಿಗೆ ತೀರ ಹತ್ತಿರದ ಒಂದು ಉದಾಹರಣೆ ಇದೆ: "ಇಸಿಸಿಂಗಿಯ ಜಾತಕ". ಇಸಿ ಅಂದರೆ ಋಷಿ, ಕನ್ನಡದಲ್ಲಿ ರಿಸಿ. ಇಸಿಸಿಂಗ ಅಂದರೆ ಋಷ್ಯಶೃಂಗ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಗುಡಿ ಇರುವ, ಮಳೆಗಾಗಿ ಜನ ಹರಕೆ ಹೊರುವ ಅದೇ ಋಷ್ಯಶೃಂಗ. ಭಾರ್ಹುತ್‌ನ ಫಲಕದಲ್ಲಿ ಜಿಂಕೆಗೆ ಮಗು ಹುಟ್ಟುತ್ತದೆ, ತಪಸ್ವಿ ಅದನ್ನು ಎತ್ತಿಕೊಳ್ಳುತ್ತಾನೆ.

ಚಿತ್ರದಲ್ಲಿ ಹುಟ್ಟು, ಪಕ್ಕದಲ್ಲಿ "ಋಷ್ಯಶೃಂಗನ ಜಾತಕ". ಇದೊಂದನ್ನೇ ನೋಡಿದವರು "ಋಷ್ಯಶೃಂಗನ ಜನನ" ಅಂತ ಅನುವಾದ ಮಾಡಿದರೆ ಅವರನ್ನು ತಪ್ಪು ಅನ್ನುವುದು ಕಷ್ಟ. ಆದರೆ ಅದೇ ವ್ಯಾಕರಣದ "ಛದಂತಿಯ ಜಾತಕಂ" ಫಲಕದಲ್ಲಿ ಯಾರೂ ಹುಟ್ಟುವುದಿಲ್ಲ, ಅಲ್ಲಿರುವುದು ಆನೆ ಮತ್ತು ಅದರ ದಂತಕ್ಕಾಗಿ ಬಂದ ಬೇಟೆಗಾರ. ಒಂದೇ ಕೈಯವರು, ಒಂದೇ ಬೇಲಿಯಲ್ಲಿ, ಒಂದೇ ಮಾದರಿಯಲ್ಲಿ ಬರೆದ ಎರಡು ಲೇಬಲ್‌ಗಳಿಗೆ ಎರಡು ಅರ್ಥ ಕೊಡಲು ಬರುವುದಿಲ್ಲ. ಮೇಲಾಗಿ ಪಾಲಿ ಜಾತಕದಲ್ಲಿ ಬೋಧಿಸತ್ವ ಆಗಿರುವುದು ಮಗುವಲ್ಲ, ಎತ್ತಿಕೊಂಡ ತಂದೆ. ಹಾಗಾಗಿ ಇಲ್ಲೂ ಪದದ ಅರ್ಥ "ಋಷ್ಯಶೃಂಗನ ಕಥೆ ಬರುವ ಜಾತಕ" ಅಂತಲೇ. ಚಿತ್ರದಲ್ಲಿ ಹುಟ್ಟು ಇರುವುದು ಕಾಕತಾಳೀಯ.

ಪದ ಇಲ್ಲದ ಕಡೆ

ಈಗ ಇನ್ನೊಂದು ಬದಿ. ಬುದ್ಧನ ಕೊನೆಯ ಜನ್ಮದ, ಅಂದರೆ ಸಿದ್ಧಾರ್ಥ ಗೌತಮನಾಗಿ ಬಂದ ಬದುಕಿನ ಘಟನೆಗಳೂ ಭಾರ್ಹುತ್‌ನಲ್ಲಿ ಇವೆ. ಅವುಗಳ ಲೇಬಲ್ ಹೇಗಿದೆ?

ಅಜಾತಶತ್ರು ಬಂದು ನಮಸ್ಕರಿಸುವ ಕಂಬದಲ್ಲಿ "ಅಜಾತಸತು ಭಗವತೋ ವಂದತೇ" ಅಂತಿದೆ. ಅಜಾತಶತ್ರು ಭಗವಂತನಿಗೆ ವಂದಿಸುತ್ತಾನೆ. ಏರಾಪತ ನಾಗರಾಜನ ಚಿತ್ರಕ್ಕೂ ಹಾಗೇ, "ವಂದತೇ". ಅನಾಥಪಿಂಡಿಕ ಜೇತವನವನ್ನು ಕೊಂಡು ದಾನ ಮಾಡುವ ಫಲಕ ಬಹಳ ಪ್ರಸಿದ್ಧ. ಎತ್ತಿನ ಗಾಡಿಯಿಂದ ಇಳಿಸಿದ ನಾಣ್ಯಗಳನ್ನು ನೆಲದ ತುಂಬ ಹಾಸುತ್ತಿದ್ದಾರೆ, ಅನಾಥಪಿಂಡಿಕ ಕೈಯಲ್ಲಿ ಗಿಂಡಿ ಹಿಡಿದು ನಿಂತಿದ್ದಾನೆ. ನಮ್ಮ ದಾನಶಾಸನಗಳಲ್ಲಿ ನೂರಾರು ಸಲ ಓದಿದ "ಧಾರಾಪೂರ್ವಕಂ" ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಈ ಫಲಕ ನೋಡಬೇಕು. ಅದರ ಲೇಬಲ್ ಕೂಡ ಒಂದು ಪೂರ್ತಿ ವಾಕ್ಯ: ಕೋಟಿ ಹಣ ಹಾಸಿ ಕೊಂಡ ಅನಾಥಪಿಂಡಿಕ ಜೇತವನವನ್ನು ಕೊಡುತ್ತಾನೆ. ಕ್ರಿಯಾಪದ "ದೇತಿ", ವರ್ತಮಾನಕಾಲ.

ಕೊನೆಗೆ ಮಾಯಾದೇವಿಯ ಕನಸು. ಮಲಗಿದ ತಾಯಿ, ಮೇಲಿನಿಂದ ಇಳಿಯುವ ಆನೆ. ಬುದ್ಧನ ಹುಟ್ಟಿನ ಆರಂಭವೇ ಇದು. "ಹುಟ್ಟಿಗೆ ಸಂಬಂಧಪಟ್ಟದ್ದು" ಅನ್ನುವ ಪದ ಎಲ್ಲಾದರೂ ಬರಬೇಕಿದ್ದರೆ ಇಲ್ಲೇ ಬರಬೇಕಿತ್ತು. ಬಂದಿಲ್ಲ. ಅಲ್ಲಿ ಬರೆದಿರುವುದು "ಭಗವತೋ ಊಕ್ರಂತಿ". ಊಕ್ರಂತಿ ಅಂದರೆ ಸಂಸ್ಕೃತದ ಅವಕ್ರಾಂತಿ, ಇಳಿದು ಬರುವುದು. ಭಗವಂತ ಗರ್ಭಕ್ಕೆ ಇಳಿದು ಬಂದದ್ದು.

ನನ್ನ ಮಟ್ಟಿಗೆ ಇಡೀ ಚರ್ಚೆ ತೀರ್ಮಾನವಾಗುವುದು ಈ ಒಂದು ಲೇಬಲ್‌ನಲ್ಲಿ. ಜಾತಕ ಅಂದರೆ "ಬುದ್ಧನ ಜನನ" ಅನ್ನುವುದಾಗಿದ್ದರೆ ಈ ಫಲಕಕ್ಕೆ ಬೇರೆ ಪದ ಹುಡುಕುವ ಅಗತ್ಯ ಬರೆಸಿದವರಿಗೆ ಇರಲಿಲ್ಲ. ಭಾರ್ಹುತ್‌ನಲ್ಲಿ ಕೊನೆಯ ಜನ್ಮದ ಒಂದೇ ಒಂದು ಘಟನೆಗೂ "ಜಾತಕಂ" ಅಂತ ಬರೆದಿಲ್ಲ.

ಇದಕ್ಕೆ ತಿರುಗುಮುರುಗು ನಿಯಮ ಮಾತ್ರ ಇಲ್ಲ, ಅದನ್ನು ಗಮನಿಸಬೇಕು. ಹಿಂದಿನ ಜನ್ಮದ ಕಥೆಗಳಿಗೆಲ್ಲ ಜಾತಕಂ ಅಂತ ಬರೆದೇ ಇದ್ದಾರೆ ಅಂತಲ್ಲ. ಜನಕ ರಾಜ, ಸೀವಲಿ ದೇವಿ ಇರುವ ಫಲಕ ಪಾಲಿಯ ಮಹಾಜನಕ ಜಾತಕದ್ದು, ಆದರೆ ಅಲ್ಲಿ ಪಾತ್ರಗಳ ಹೆಸರನ್ನಷ್ಟೇ ಬರೆದಿದ್ದಾರೆ. ಇಂಜಿನಿಯರಿಂಗ್ ಡ್ರಾಯಿಂಗ್ ನೋಡುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹಾಳೆಯ ಮೂಲೆಯ ಟೈಟಲ್ ಬ್ಲಾಕ್‌ನಲ್ಲಿ ಇಡೀ ಡ್ರಾಯಿಂಗ್‌ನ ಹೆಸರು ಇರುತ್ತದೆ, ಒಳಗೆ ಬಾಣದ ಗುರುತು ಹಾಕಿ ಬಿಡಿಭಾಗಗಳ ಹೆಸರು ಬರೆದಿರುತ್ತಾರೆ. "ಜಾತಕಂ" ಟೈಟಲ್ ಬ್ಲಾಕ್‌ನ ಪದ. "ಜನಕ ರಾಜ" ಬಿಡಿಭಾಗದ ಹೆಸರು. ಟೈಟಲ್ ಬರೆಯದ ಡ್ರಾಯಿಂಗ್ ಇರಬಹುದು, ಆದರೆ ಬರೆದ ಟೈಟಲ್ ಬೇರೆ ಡ್ರಾಯಿಂಗ್‌ನದ್ದಾಗಿರಬಾರದು. ಪಟ್ಟದಕಲ್ಲಿನ ಪಾಪನಾಥ ಗುಡಿಯ ಹೊರಗೋಡೆಯಲ್ಲಿ ರಾಮಾಯಣದ ಪಾತ್ರಗಳ ಪಕ್ಕ ಕನ್ನಡ ಲಿಪಿಯಲ್ಲಿ ಹೆಸರು ಕೆತ್ತಿದ್ದಾರಲ್ಲ, ಅದು ಈ ಎರಡನೆಯ ಬಗೆಯದು.

ಶಿಲ್ಪದ ಒಂದು ಕಟ್ಟುಪಾಡೂ ಈ ಪದದ ಗಡಿಗೆ ಹೊಂದುತ್ತದೆ. ಭಾರ್ಹುತ್‌ನಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸುವುದಿಲ್ಲ. ಅಜಾತಶತ್ರು ಕೈಮುಗಿಯುವುದು ಖಾಲಿ ಆಸನಕ್ಕೆ, ಪಾದದ ಗುರುತಿಗೆ. ಜಾತಕಗಳಲ್ಲಿ ಆದರೆ ಬೋಧಿಸತ್ವ ಜಿಂಕೆಯಾಗಿ, ಹಂಸವಾಗಿ, ಪಂಡಿತನಾಗಿ ಮೈಗೂಡಿ ಎದುರಿಗೇ ಇದ್ದಾನೆ. ಹಿಂದಿನ ಜನ್ಮಗಳು ಒಂದು ಲೋಕ, ಕೊನೆಯ ಜನ್ಮ ಇನ್ನೊಂದು. ಉಳಿಗೂ ಲೇಖಣಿಗೂ ಈ ಗೆರೆ ಎಲ್ಲಿದೆ ಅಂತ ಗೊತ್ತಿತ್ತು.

ಪುಸ್ತಕಕ್ಕಿಂತ ಮೊದಲಿನ ಕಲ್ಲು

ಇಷ್ಟಕ್ಕೆ ಇಷ್ಟು ಮಹತ್ವ ಯಾಕೆ? ಯಾಕೆಂದರೆ ಇಂದು ನಾವು ಓದುವ 547 ಕಥೆಗಳ ಪಾಲಿ ಜಾತಕ ಸಂಗ್ರಹದಲ್ಲಿ ಗಾಥೆಗಳು ಹಳೆಯವು, ಗದ್ಯಕಥೆ ಇರುವ ವ್ಯಾಖ್ಯಾನ ಈಗಿರುವ ರೂಪಕ್ಕೆ ಬಂದದ್ದು ಸುಮಾರು ಕ್ರಿ.ಶ. 5ನೇ ಶತಮಾನದಲ್ಲಿ ಅಂತ ವಿದ್ವಾಂಸರು ಹೇಳುತ್ತಾರೆ. ಬುದ್ಧವಚನವನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ಹಳೆಯ ಪಟ್ಟಿಯಲ್ಲಿ "ಜಾತಕ" ಒಂದು ಬಗೆ, ನಿಜ. ಆದರೆ ಆ ಪಟ್ಟಿ ಉಳಿದು ಬಂದಿರುವುದು ಬಹಳ ಕಾಲದ ನಂತರದ ಪ್ರತಿಗಳಲ್ಲಿ. ಭಾರ್ಹುತ್‌ನ ಲೇಬಲ್‌ಗಳನ್ನು ಯಾರೂ ನಕಲು ಮಾಡಿ ತಿದ್ದಿಲ್ಲ. ಕ್ರಿಸ್ತಶಕ ಶುರುವಾಗುವ ಮೊದಲೇ ಈ ಪದ ಒಂದು ಕಥಾಪ್ರಕಾರದ ಹೆಸರಾಗಿ ನೆಲೆನಿಂತಿತ್ತು ಅನ್ನುವುದಕ್ಕೆ ಅವು ನೇರ ದಾಖಲೆ.

ಕಲ್ಲಿನ ಹೆಸರುಗಳು ಪುಸ್ತಕದ ಹೆಸರುಗಳಿಗೆ ಎಷ್ಟೋ ಕಡೆ ಹೊಂದುವುದಿಲ್ಲ ಅನ್ನುವುದೂ ಇದನ್ನು ಬಲಪಡಿಸುತ್ತದೆ. ಕಲ್ಲಿನ ಮಿಗ ಪುಸ್ತಕದಲ್ಲಿ ರುರು ಜಾತಕ. ಹಂಸ ಅಲ್ಲಿ ನಚ್ಚ, ಅಂದರೆ ನೃತ್ಯ. ನಾಗ ಅಲ್ಲಿ ಕಕ್ಕಟ, ಅಂದರೆ ಏಡಿ. ಉದ ಅಲ್ಲಿ ದಬ್ಭಪುಪ್ಫ. ಕಥೆ ಅದೇ, ತಲೆಬರಹ ಬೇರೆ. ಪುಸ್ತಕ ನೋಡಿ ಕಲ್ಲು ಕೆತ್ತಿದ್ದರೆ ಹೀಗಾಗುತ್ತಿರಲಿಲ್ಲ. ಬಿಡಿ ಕಥೆಗಳ ಹೆಸರು ಇನ್ನೂ ಓಡಾಡುತ್ತಿತ್ತು, ಆದರೆ "ಜಾತಕಂ" ಅನ್ನುವ ಬಾಲ ಮಾತ್ರ ಗಟ್ಟಿಯಾಗಿ ನಿಂತಿತ್ತು.

ಕನ್ನಿಂಗ್‌ಹ್ಯಾಮ್ ತನ್ನ ಭಾರ್ಹುತ್ ಪುಸ್ತಕ ಪ್ರಕಟಿಸಿದ್ದು 1879ರಲ್ಲಿ. ಆಗ ಫೌಸ್‌ಬೋಲ್ ಸಂಪಾದಿಸುತ್ತಿದ್ದ ಪಾಲಿ ಜಾತಕದ ಮೊದಲ ಸಂಪುಟ ಬಂದು ಎರಡೇ ವರ್ಷ ಆಗಿತ್ತು, ಕಥೆಗಳೆಲ್ಲ ಮುಗಿಯಲು 1896 ಆಗಬೇಕಾಯಿತು. ಹಾಗಾಗಿ ಕಥೆ ಗುರುತಿಸಲು ಆತ ಸಿಂಹಳದ ಭಿಕ್ಷು ಸುಭೂತಿ ಅವರ ನೆರವು ಪಡೆದ. ಮುಂದೆ 1926ರಲ್ಲಿ ಬರುವಾ ಮತ್ತು ಸಿನ್ಹಾ, ಆಮೇಲೆ ಲ್ಯೂಡರ್ಸ್ ಈ ಶಾಸನಗಳನ್ನು ಮತ್ತೆ ಓದಿದರು. ಲ್ಯೂಡರ್ಸ್ ಅವರ ಕೆಲಸ ಅವರು ತೀರಿಕೊಂಡ ಮೇಲೆ, ವಾಲ್ಡ್‌ಶ್ಮಿಟ್ ಮತ್ತು ಮೆಹೆಂದಳೆ ಅವರ ಪರಿಷ್ಕರಣೆಯೊಡನೆ 1963ರಲ್ಲಿ ಹೊರಬಂತು. ಬ್ರಾಹ್ಮಿ ಕಲಿಯುವ ಹವ್ಯಾಸಿಗಳಿಗೆ ನಾನು ಯಾವಾಗಲೂ ಹೇಳುವುದು, ಅಶೋಕನ ಶಾಸನ ಒಂದೆರಡು ಓದಿದ ಮೇಲೆ ಭಾರ್ಹುತ್‌ಗೆ ಹೋಗಿ ಅಂತ. ಲೇಬಲ್ ಚಿಕ್ಕದು, ಉತ್ತರ ಪಕ್ಕದ ಚಿತ್ರದಲ್ಲೇ ಇರುತ್ತದೆ.

ಕನ್ನಡಕ್ಕೆ ಬಂದಾಗ

ನಮ್ಮಲ್ಲೂ ಈ ಕಥೆಗಳನ್ನು ಕಲ್ಲಿನಲ್ಲಿ ನೋಡಬಹುದು. ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ಜಾತಕ ಕಥೆಗಳ ಫಲಕಗಳಿವೆ, ಬ್ರಾಹ್ಮಿಯಲ್ಲಿ ಹೆಸರು ಬರೆದ ಅಶೋಕನ ಪ್ರಸಿದ್ಧ ಫಲಕವೂ ಅಲ್ಲಿಯದೇ.

ಆದರೆ ಕನ್ನಡ ಸಾಹಿತ್ಯ ಕಣ್ಣು ಬಿಡುವ ಹೊತ್ತಿಗೆ ಪದದ ಪಾಲು ಬೇರೆಯಾಗಿತ್ತು. ಹಿಂದಿನ ಜನ್ಮಗಳ ಕಥೆ ನಮ್ಮ ಜೈನ ಕವಿಗಳಿಗೂ ಬೇಕಿತ್ತು. ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಆದಿನಾಥ ಮೊದಲು ಮಹಾಬಲನಾಗಿ, ಲಲಿತಾಂಗನಾಗಿ, ವಜ್ರಜಂಘನಾಗಿ ಹುಟ್ಟಿ ಬರುತ್ತಾನೆ. ಬುದ್ಧನ ಜಾತಕಗಳ ಕಲ್ಪನೆಗೆ ಇದು ತೀರ ಹತ್ತಿರ. ಆದರೂ ನಾವು ಅದನ್ನು ಜಾತಕ ಅನ್ನುವುದಿಲ್ಲ, ಭವಾವಳಿ ಅನ್ನುತ್ತೇವೆ. ಶ್ರೀಧರಾಚಾರ್ಯ 1049ರಲ್ಲಿ ಚಾಲುಕ್ಯರ ಕಾಲದಲ್ಲಿ ಬರೆದ "ಜಾತಕತಿಲಕ" ಜ್ಯೋತಿಷದ ಪುಸ್ತಕ. ವರಾಹಮಿಹಿರನ ಬೃಹಜ್ಜಾತಕದ ದಾರಿಯಲ್ಲಿ ಬಂದ ಅರ್ಥ ಅದು. ಅಂದರೆ ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ಕಳೆದ ಜನ್ಮಕ್ಕೆ ಭವ, ಈ ಜನ್ಮದ ಮುಂದಿನದಕ್ಕೆ ಜಾತಕ ಅನ್ನುವ ಬಳಕೆ ಇತ್ತು.

ಭಾರ್ಹುತ್‌ನವರ ಜಾತಕ ಹಿಂದಕ್ಕೆ ನೋಡುತ್ತದೆ, ನಮ್ಮ ಜಾತಕ ಮುಂದಕ್ಕೆ. ಎರಡೂ "ಹುಟ್ಟಿದ್ದು" ಅನ್ನುವ ಒಂದೇ ಬೇರಿನಿಂದ ಬಂದರೂ ದಿಕ್ಕು ಬೇರೆ. ಬೇರೊಂದನ್ನೇ ನಂಬಿದರೆ ಎರಡನ್ನೂ ಬೆರೆಸಿ ಮೂರನೆಯದಾದ "ಲುಂಬಿನಿಯ ಜನನ" ಅನ್ನುವ ಅರ್ಥ ಹುಟ್ಟಿಸಿಕೊಳ್ಳುತ್ತೇವೆ. ಅದು ಭಾರ್ಹುತ್‌ನ ಕಲ್ಲಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ.

ಅದಕ್ಕೇ ಬೌದ್ಧ ಶಿಲ್ಪದ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆಯುವ ಗೆಳೆಯರಲ್ಲಿ ಒಂದು ಕೋರಿಕೆ. ಹಿಂದಿನ ಜನ್ಮದ ಕಥೆಗೆ ಮಾತ್ರ ಜಾತಕ ಅಂತ ಬರೆಯಿರಿ, "ಬುದ್ಧನ ಪೂರ್ವಜನ್ಮದ ಕಥೆ" ಅಂತ ಬಿಡಿಸಿ ಹೇಳಿ. ಮಾಯಾದೇವಿಯ ಕನಸು, ಜೇತವನದ ದಾನ, ಅಜಾತಶತ್ರುವಿನ ಭೇಟಿ, ಇವು ಬುದ್ಧನ ಬದುಕಿನ ಘಟನೆಗಳು. ಅಲ್ಲಿ ಭಾರ್ಹುತ್‌ನವರ ಹಾಗೆ ಯಾರು ಏನು ಮಾಡುತ್ತಿದ್ದಾರೆ ಅಂತ ಒಂದು ವಾಕ್ಯ ಬರೆದರೆ ಸಾಕು.

ಇಷ್ಟೆಲ್ಲ ಆದ ಮೇಲೂ ಹಳೆಯ ದಿಕ್ಕು ಆಡುಮಾತಿನಲ್ಲಿ ಎಲ್ಲೋ ಉಳಿದ ಹಾಗೆ ಕಾಣುತ್ತದೆ. "ಅವನ ಜಾತಕ ಎಲ್ಲ ನಂಗೊತ್ತು, ಬಿಚ್ಚಿಡ್ಲಾ?" ಅಂತ ಜಗಳದಲ್ಲಿ ಯಾರಾದರೂ ಅಂದರೆ ಅವರು ಹೇಳುತ್ತಿರುವುದು ಗ್ರಹಗತಿಯನ್ನಲ್ಲ, ಎದುರಿಗಿರುವವನು ಹಿಂದೆ ಮಾಡಿದ್ದನ್ನು. ಈ ಮಾತು ಬಂದದ್ದು ಕುಂಡಲಿಯ ಜಾತಕದಿಂದಲೇ, ಬೌದ್ಧ ಜಾತಕದಿಂದ ಅಲ್ಲ. ಆದರೂ ಭಾರ್ಹುತ್‌ನ ಕಲ್ಲುಕುಟಿಗ ಕೇಳಿಸಿಕೊಂಡಿದ್ದರೆ ಪದ ಸರಿಯಾದ ಜಾಗದಲ್ಲೇ ಬಂದಿದೆ ಅಂದುಕೊಳ್ಳುತ್ತಿದ್ದ.